ಕೊಳೆ ಬೇರೆ, ಸವೆತ ಬೇರೆ

ದುಡ್ಡು ಕೊಟ್ಟು ಹೊಸ ವಸ್ತು ತಂದು, ತಿಂಗಳುಗಟ್ಟಲೆ ಕೂತು ಜೋಡಿಸಿ, ಚೆಂದವಾಗಿ ಬಣ್ಣ ಹೊಡೆದು, ಆಮೇಲೆ ಅದರ ಮೇಲೆ ಕೆಸರು, ತುಕ್ಕು, ಎಣ್ಣೆ ಜಿಡ್ಡು ಹಚ್ಚಿ ಹಾಳು ಮಾಡುವವರಿಗೆ ಏನನ್ನಬೇಕು? ನನ್ನ ಹೆಂಡತಿ ಒಂದು ಹೆಸರಿಟ್ಟಿದ್ದಾಳೆ, ಅದನ್ನ ಇಲ್ಲಿ ಬರೆಯೋ ಹಾಗಿಲ್ಲ. ಆಫೀಸಿನಲ್ಲಿ ಮರ್ಯಾದೆಗೆ ‘ಹಾಬಿ’ ಅಂತಾರೆ. ನಮ್ಮೂರು ಬದನಗುಪ್ಪೆಯಲ್ಲಿ ಅವ್ವ ನನ್ನ ಮೊಬೈಲಿನಲ್ಲಿ ಫೋಟೋ ನೋಡಿ ಕೇಳಿದ್ದು ಒಂದೇ ಮಾತು: “ಇದ್ನ ತೊಳ್ದು ಮಡ್ಗಕ್ಕಾಗಲ್ವಾ ಮಗ?”

ಗೊತ್ತಿಲ್ಲದವರಿಗೆ ಸ್ವಲ್ಪ ಪೀಠಿಕೆ. ಪ್ಲಾಸ್ಟಿಕ್ ಸ್ಕೇಲ್ ಮಾಡೆಲ್ ಡಬ್ಬಿ ಬಿಚ್ಚಿದರೆ ಒಳಗೆ ಸಿಗೋದು ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು, ಅವಕ್ಕೆ ಅಂಟಿಕೊಂಡ ಚಿಕ್ಕಚಿಕ್ಕ ಭಾಗಗಳು, ನೀರಲ್ಲಿ ನೆನೆಸಿ ಅಂಟಿಸುವ ಡಿಕಾಲ್‌ಗಳ ಒಂದು ಹಾಳೆ, ಜೋಡಿಸೋದು ಹೇಗೆ ಅನ್ನೋ ಪುಸ್ತಿಕೆ. ಅಷ್ಟೇ. ಎಲ್ಲವೂ ನಿಜವಾದ ವಾಹನದ ಅಳತೆಗೆ ಲೆಕ್ಕ ಹಾಕಿ ಕುಗ್ಗಿಸಿದ್ದು. 1/72 ಅಂದರೆ ನಿಜದ 72 ಸೆಂಟಿಮೀಟರ್ ಇಲ್ಲಿ ಒಂದು ಸೆಂಟಿಮೀಟರ್. ಕತ್ತರಿಸಬೇಕು, ಉಜ್ಜಬೇಕು, ಅಂಟಿಸಬೇಕು, ಸಂದು ಮುಚ್ಚಿ ಮತ್ತೆ ಉಜ್ಜಬೇಕು. ನನ್ನ ಶೆಲ್ಫಿನಲ್ಲಿ ಒಂದು ನ್ಯಾಟ್ ಇದೆ. ನಮ್ಮ ಬೆಂಗಳೂರಿನ ಎಚ್‌ಎಎಲ್ ಲೈಸೆನ್ಸ್ ಪಡೆದು ತಯಾರಿಸಿದ ಪುಟಾಣಿ ಯುದ್ಧವಿಮಾನ ಅದು. ಪಕ್ಕದಲ್ಲಿ ಒಂದು ಮಿಗ್-21, ಎರಡು ಟ್ಯಾಂಕು. ಇವೆಲ್ಲ ಜೋಡಿಸಿ ಮುಗಿಯೋ ಹೊತ್ತಿಗೆ ಕೆಲಸ ಅರ್ಧ ಆಗಿರುತ್ತೆ. ಉಳಿದರ್ಧ ಬಣ್ಣದ್ದು.

ಬಣ್ಣಕ್ಕೆ ಏರ್‌ಬ್ರಷ್ ಬೇಕು. ಪೆನ್ನಿನಷ್ಟೇ ಗಾತ್ರದ ಸ್ಪ್ರೇ ಗನ್ ಅಂದುಕೊಳ್ಳಿ. ಬೆರಳಲ್ಲಿ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ನನ್ನದರ ನಾಝಲ್ ತೂತು 0.3 ಮಿಲಿಮೀಟರ್. ಬಣ್ಣವನ್ನು ಹಾಲಿನಷ್ಟು ತೆಳ್ಳಗೆ ಕಲಸಿ, ಕಂಪ್ರೆಸರ್ ಅನ್ನು 15ರಿಂದ 20 ಪಿಎಸ್‌ಐ ಒತ್ತಡಕ್ಕಿಟ್ಟು, ಒಂದೊಂದೇ ಪದರ ಹೊಡೀಬೇಕು. ಬಣ್ಣ ಗಟ್ಟಿಯಿದ್ದರೆ ನಾಝಲ್ ಕಟ್ಟಿಕೊಳ್ಳುತ್ತೆ, ನೀರಾಗಿದ್ದರೆ ಜೇಡರ ಬಲೆ ಥರ ಹರಡುತ್ತೆ. ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ಫ್ರಿಜ್ಜಿನ ರಟ್ಟಿನ ಡಬ್ಬಿಗೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಕೂರಿಸಿ ಒಂದು ಸ್ಪ್ರೇ ಬೂತ್ ಮಾಡಿಕೊಂಡಿದ್ದೀನಿ. ಮುಖಕ್ಕೆ ಫಿಲ್ಟರ್ ಇರೋ ಮಾಸ್ಕ್ ಕಡ್ಡಾಯ, ಆವಿ ಶ್ವಾಸಕೋಶಕ್ಕೆ ಒಳ್ಳೇದಲ್ಲ. ಜಡಿಮಳೆಯ ದಿನ ಲ್ಯಾಕರ್ ಬಣ್ಣ ಮುಟ್ಟೋ ಹಾಗಿಲ್ಲ. ಗಾಳಿಯ ತೇವಕ್ಕೆ ಬಣ್ಣದ ಮೇಲೆ ಬೆಳ್ಳಗೆ ಮಂಜು ಕಟ್ಟುತ್ತೆ. ಹಾಗಾಗಿ ಜುಲೈ ತಿಂಗಳಲ್ಲಿ ನಾನು ಕೈಕಟ್ಟಿ ಕೂತು ಹವಾಮಾನ ನೋಡೋ ರೈತ.

ಒಂದು ತಮಾಷೆ ಹೇಳ್ತೀನಿ. ಮೈಸೂರಿನಿಂದ ಚಾಮರಾಜನಗರದ ರೈಲು ಹತ್ತಿ ಊರಿಗೆ ಹೋಗೋವಾಗ ನಂಜನಗೂಡು ತಾಲ್ಲೂಕು ದಾಟಲೇಬೇಕು. ಆ ತಾಲ್ಲೂಕಿನ ಇಮ್ಮಾವಿನಲ್ಲಿ 2018ರಲ್ಲಿ ಏಷ್ಯನ್ ಪೇಂಟ್ಸಿನ ದೊಡ್ಡ ಕಾರ್ಖಾನೆ ಶುರುವಾಯಿತು. ಲೀಟರು ಲೆಕ್ಕದಲ್ಲಲ್ಲ, ಸಾವಿರ ಲೀಟರುಗಳ ಲೆಕ್ಕದಲ್ಲಿ ಬಣ್ಣ ತಯಾರಾಗೋ ಜಾಗ. ನಾನೋ, ಜಪಾನಿನಿಂದ ಬಂದ 10 ಮಿಲಿಲೀಟರ್ ಟಮಿಯಾ ಬಾಟಲಿಯನ್ನ ಚೀಲದಲ್ಲಿ ಹುಷಾರಾಗಿ ಇಟ್ಟುಕೊಂಡು ಅದೇ ದಾರೀಲಿ ಹೋಗ್ತಿರ್ತೀನಿ.

ಇಷ್ಟೆಲ್ಲ ಕಷ್ಟಪಟ್ಟು ಹೊಡೆದ ಬಣ್ಣವನ್ನು ಕೆಡಿಸೋದಕ್ಕೆ ‘ವೆದರಿಂಗ್’ ಅಂತಾರೆ. ಬಿಸಿಲು, ಮಳೆ, ಧೂಳು, ಕೈ, ಕಾಲು ಇವೆಲ್ಲ ವರ್ಷಾನುಗಟ್ಟಲೆ ಮಾಡೋ ಕೆಲಸವನ್ನು ಎರಡು ವಾರದಲ್ಲಿ ಕೈಯಾರೆ ಮಾಡೋದು. ಬೆಲ್ಜಿಯಂನ ಫ್ರಾನ್ಸ್ವಾ ವೆರ್ಲಿಂಡೆನ್ ಎಂಬತ್ತರ ದಶಕದಲ್ಲಿ ಇದನ್ನ ಜನಪ್ರಿಯ ಮಾಡಿದರು. ತೆಳು ಕಪ್ಪುಬಣ್ಣವನ್ನ ಸಂದುಗೊಂದಿಗೆ ಹರಿಸೋದು, ಒಣ ಬ್ರಷ್ಷಿನಿಂದ ಅಂಚುಗಳನ್ನ ತಿಳಿಯಾಗಿಸೋದು, ಇವು ಅವರ ಕೈಚಳಕ. ಆಮೇಲೆ ಸ್ಪೇನಿನವರು ಬಂದರು. ಮಿಗ್ ಹಿಮೆನೆಸ್ ಅಂಥವರು ಆಯಿಲ್ ಪೇಂಟು, ಬಣ್ಣದ ಪುಡಿ, ಹೇರ್‌ಸ್ಪ್ರೇ, ಸ್ಪಂಜು ಎಲ್ಲ ತಂದು ಇದನ್ನೊಂದು ಪ್ರತ್ಯೇಕ ವಿದ್ಯೆ ಮಾಡಿಬಿಟ್ಟರು. ಹೇರ್‌ಸ್ಪ್ರೇ ಅಂದರೆ ನಗಬೇಡಿ. ಮೊದಲು ತುಕ್ಕಿನ ಬಣ್ಣ ಹೊಡಿ, ಅದರ ಮೇಲೆ ಕೂದಲಿಗೆ ಹಾಕೋ ಹೇರ್‌ಸ್ಪ್ರೇ, ಅದರ ಮೇಲೆ ವಾಹನದ ಅಸಲಿ ಬಣ್ಣ. ಒಣಗಿದ ಮೇಲೆ ಬ್ರಷ್ಷನ್ನ ನೀರಲ್ಲಿ ಅದ್ದಿ ಮೆಲ್ಲಗೆ ತಿಕ್ಕಿದರೆ ಒಳಗಿನ ಹೇರ್‌ಸ್ಪ್ರೇ ಕರಗಿ ಮೇಲಿನ ಬಣ್ಣ ಅಲ್ಲಲ್ಲಿ ಕಿತ್ತುಬರುತ್ತೆ, ಕೆಳಗಿನ ತುಕ್ಕು ಇಣುಕುತ್ತೆ. ನಿಜವಾದ ತಗಡಿನ ಮೇಲೆ ನಡೆಯೋದೂ ಇದೇ. ಬಣ್ಣ ಹೋದ ಜಾಗದಲ್ಲಿ ಅದರ ಕೆಳಗಿದ್ದದ್ದು ಕಾಣುತ್ತೆ.

ಯಾಕೆ ಮಾಡಬೇಕು ಅನ್ನೋದಕ್ಕೆ ಒಂದು ನೇರ ಉತ್ತರ ಇದೆ. ಚಿಕ್ಕ ವಸ್ತುವಿಗೆ ಒಂದೇ ಸಮನೆ ಹೊಳೆಯೋ ಬಣ್ಣ ಹೊಡೆದರೆ ಅದು ಆಟದ ಸಾಮಾನಿನ ಹಾಗೆ ಕಾಣುತ್ತೆ. ದೊಡ್ಡ ವಾಹನದ ಮೇಲೆ ಬೆಳಕು ಬೀಳೋದೇ ಬೇರೆ ರೀತಿ. ದೂರದಿಂದ ನೋಡೋವಾಗ ಬಣ್ಣ ಒಂಚೂರು ಮಾಸಿದ ಹಾಗೆ, ತಿಳಿಯಾದ ಹಾಗೆ ಕಾಣುತ್ತೆ. ಅದಕ್ಕೇ ಮಾಡೆಲ್‌ಗೆ ಹೊಡೆಯೋ ಬಣ್ಣಕ್ಕೆ ಸ್ವಲ್ಪ ಬಿಳಿ ಬೆರೆಸ್ತಾರೆ. ಸಂದಿನಲ್ಲಿ ನೆರಳು ಕೂರಿಸ್ತಾರೆ, ಅಂಚಿನಲ್ಲಿ ಬೆಳಕು. ಆಗ ಕಣ್ಣು ಮೋಸಹೋಗಿ “ಇದು ಟನ್ನುಗಟ್ಟಲೆ ತೂಕದ್ದು” ಅಂತ ನಂಬುತ್ತೆ.

ಇನ್ನೊಂದು ಉತ್ತರ ನನಗೆ ಹೊಳೆದದ್ದು ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿನಲ್ಲಿ. 1979ರಲ್ಲಿ ಶುರುವಾದ ಜಾಗ ಅದು, ನೀವೂ ಶಾಲೆಯ ಟೂರಿನಲ್ಲಿ ಹೋಗಿರ್ತೀರಿ. ಅಲ್ಲಿನ ಉಗಿಬಂಡಿಗಳಿಗೆ ಮೇಲಿಂದ ಕೆಳಗಿನವರೆಗೆ ಹೊಳೆಯೋ ಬಣ್ಣ. ಉಳಿಸಿಕೊಳ್ಳೋಕೆ ಬೇರೆ ದಾರಿಯಿಲ್ಲ, ಬಣ್ಣ ಬಳಿಯದಿದ್ದರೆ ಕಬ್ಬಿಣವೇ ಉಳಿಯಲ್ಲ. ಆದರೆ ನಾನು ಹುಡುಕ್ತಾ ಇದ್ದದ್ದು ಬೇರೆ. ಡ್ರೈವರು ದಿನಾ ಹಿಡಿದು ಹತ್ತಿದ ಹಿಡಿಕೆ ಯಾವುದು? ಕಲ್ಲಿದ್ದಲು ಎತ್ತಿಹಾಕಿದವನ ಸಲಿಕೆ ತಗುಲಿ ಸವೆದ ಅಂಚು ಯಾವುದು? ಎಲ್ಲ ಬಣ್ಣದ ಅಡಿಯಲ್ಲಿ. ಎಂಜಿನ್ ಉಳಿದಿದೆ, ಅದರ ಜೊತೆ ಗೇದವರ ಗುರುತು ಕಾಣ್ತಿಲ್ಲ.

ಅಲ್ಲಿಂದಾಚೆಗೆ ನಾನು ಎರಡು ಪದಗಳನ್ನ ಬೇರೆಬೇರೆ ಇಟ್ಟುಕೊಂಡೆ. ಒಂದು ಕೊಳೆ, ಒಂದು ಸವೆತ. ಕೊಳೆ ಹೊರಗಿನಿಂದ ಬಂದು ಕೂರೋದು: ಧೂಳು, ಕೆಸರು, ಎಣ್ಣೆ. ತೊಳೆದರೆ ಹೋಗುತ್ತೆ. ಸವೆತ ಅಂದರೆ ವಸ್ತುವಿನಿಂದಲೇ ಏನೋ ಕಳೆದುಹೋಗಿರೋದು. ಎಷ್ಟು ತೊಳೆದರೂ ವಾಪಸ್ ಬರಲ್ಲ. ಕೊಳೆ ನೋಡಿದರೆ ವಾಹನ ನಿನ್ನೆ ಎಲ್ಲಿ ಹೋಗಿತ್ತು ಅಂತ ಗೊತ್ತಾಗುತ್ತೆ, ಸವೆತ ನೋಡಿದರೆ ಯಾರು ಅದರ ಜೊತೆ ಎಷ್ಟು ವರ್ಷ ಇದ್ದರು ಅಂತ ಗೊತ್ತಾಗುತ್ತೆ.

ನಮ್ಮ ಕಡೆಯ ರಸ್ತೆಯಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಇದರ ಪಾಠ ಪುಕ್ಕಟೆ. ಕರಿಕಲ್ಲಿನ ಕ್ವಾರಿಯಿಂದ ಬರೋ ಲಾರಿಗೆ ಬೂದಿಯಂಥ ಬಿಳಿ ಹಿಟ್ಟು ಮೆತ್ತಿರುತ್ತೆ. ಕಲ್ಲು ಕಪ್ಪು, ಅದರ ಪುಡಿ ಬಿಳಿ. ಕಬ್ಬಿನ ಗಾಡಿಗಳ ಪಕ್ಕೆಯ ತುಂಬ ಗೀರು. ಅರಿಶಿನ ಹೊತ್ತ ಟ್ರೈಲರಿನ ಒಳಗೆಲ್ಲ ಹಳದಿ. ಅದರಲ್ಲೂ ಒಂದು ಸೂಕ್ಷ್ಮ ಇದೆ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲಲ್ಲ, ಸೀರೆಗೆ ಅರಿಶಿನ ತಗುಲಿದರೆ ಒಗೆದು ಬಿಸಿಲಿಗೆ ಹಾಕೋದು ಅದಕ್ಕೇ ತಾನೆ? ಹಾಗಾಗಿ ಟ್ರೈಲರಿನ ಹಲಗೆಯ ಮೇಲಂಚಿನಲ್ಲಿ ಹಳದಿ ಹಾರಿಹೋಗಿ, ನೆರಳಿರೋ ಒಳಮೂಲೆಯಲ್ಲಿ ಮಾತ್ರ ಉಳಿದಿರುತ್ತೆ. ಸ್ಪೇನಿನ ಯಾವ ಉಸ್ತಾದನೂ ಇದನ್ನ ಹೇಳಿಕೊಟ್ಟಿಲ್ಲ.

ಈಗ ಟ್ರ್ಯಾಕ್ಟರಿನ ವಿಷಯಕ್ಕೆ ಬರ್ತೀನಿ.

ಏರ್‌ಫಿಕ್ಸ್ ಅನ್ನೋ ಇಂಗ್ಲೆಂಡಿನ ಕಂಪನಿಯ ಹೆಸರು ಕೇಳಿದರೆ ಈ ಹಾಬಿಯವರಿಗೆ ನೆನಪಾಗೋದು ಸ್ಪಿಟ್‌ಫೈರ್ ವಿಮಾನ. 1939ರಲ್ಲಿ ಹಂಗೇರಿಯಿಂದ ಬಂದ ನಿಕೋಲಸ್ ಕೋವ್ ಶುರು ಮಾಡಿದ ಕಂಪನಿ ಅದು. ಮೊದಮೊದಲು ಮಾಡ್ತಿದ್ದದ್ದು ಆಟದ ಸಾಮಾನು, ಬಾಚಣಿಗೆ. 1949ರಲ್ಲಿ ಫರ್ಗೂಸನ್ ಟ್ರ್ಯಾಕ್ಟರ್ ಕಂಪನಿಯವರು ಬಂದು, ನಮ್ಮ ಸೇಲ್ಸ್‌ನವರು ಗಿರಾಕಿಗಳಿಗೆ ತೋರಿಸೋಕೆ ನಮ್ಮ ಟಿಇ20 ಟ್ರ್ಯಾಕ್ಟರಿನ ಒಂದು ಪ್ಲಾಸ್ಟಿಕ್ ಮಾದರಿ ಮಾಡಿಕೊಡಿ ಅಂದರು. ಮಾಡಿದ್ದಾಯಿತು. ಅದನ್ನೇ ಮುಂದೆ ಬಿಡಿಭಾಗಗಳಾಗಿ ಡಬ್ಬಿಯಲ್ಲಿ ಹಾಕಿ ಮಾರಿದರು, ಕೊಂಡವರೇ ಜೋಡಿಸಿಕೊಳ್ಳಲಿ ಅಂತ. ಏರ್‌ಫಿಕ್ಸಿನ ಮೊದಲ ಕಿಟ್ ಅದೇ. ಯುದ್ಧವಿಮಾನವೂ ಅಲ್ಲ, ಟ್ಯಾಂಕೂ ಅಲ್ಲ, ಉಳೋ ಟ್ರ್ಯಾಕ್ಟರು. ಇದನ್ನ ಓದಿದ ದಿನ ನನಗೆ ಎಷ್ಟು ಖುಷಿ ಆಯಿತು ಅಂದರೆ, ನಮ್ಮ ಬೀದಿಯ ಹುಡುಗ ಐಎಎಸ್ ಪಾಸಾದ ಹಾಗೆ.

ಯಾಕೆಂದರೆ ಆ ಟ್ರ್ಯಾಕ್ಟರು ನಮಗೆ ಸಂಬಂಧಿ. 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಟಿಇ20ಗಳು ತಯಾರಾದವು. ಹಿಂದುಗಡೆ ನೇಗಿಲನ್ನ ಮೂರು ಕಡೆ ಸಿಕ್ಕಿಸಿ ಹೈಡ್ರಾಲಿಕ್ಕಿನಿಂದ ಎತ್ತಿ ಇಳಿಸೋ ಹ್ಯಾರಿ ಫರ್ಗೂಸನ್ನನ ಏರ್ಪಾಡು ಇವತ್ತು ಜಗತ್ತಿನ ಹೆಚ್ಚುಕಮ್ಮಿ ಎಲ್ಲ ಟ್ರ್ಯಾಕ್ಟರಿನಲ್ಲೂ ಇದೆ. ಟಿಇ20 ಆದಮೇಲೆ ಬಂದದ್ದು ‘35’, ಕಂಪನಿ ಮ್ಯಾಸ್ಸಿ ಫರ್ಗೂಸನ್ ಆಯಿತು. 1960ರಲ್ಲಿ ಮದ್ರಾಸಿನಲ್ಲಿ ಟಾಫೆ ಶುರುವಾಗಿ ಆ ಗಾಡಿಗಳು ಇಲ್ಲೇ ತಯಾರಾಗತೊಡಗಿದವು. ಆ ವಂಶದ್ದೇ ಎಂಎಫ್ 1035, ಕೆಂಪು ಬಾನೆಟ್ಟು, ಬೂದು ಎಂಜಿನ್ನು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಗೆ ಬಂತು. ಬ್ಯಾಂಕಿನ ಸಾಲ, ಅಪ್ಪನ ಸಹಿ, ಅವ್ವನ ಎರಡು ಬಳೆ.

ಅದು ಹೋದ ಕತೆ ಚಿಕ್ಕದು. ಬದನಗುಪ್ಪೆ, ಕೆಲ್ಲಂಬಳ್ಳಿ ಸುತ್ತಮುತ್ತ ಸಾವಿರಕ್ಕೂ ಹೆಚ್ಚು ಎಕರೆ ಕೈಗಾರಿಕಾ ಪ್ರದೇಶ ಆಯಿತು. ನಮ್ಮದೂ ಅದರಲ್ಲಿತ್ತು. ದುಡ್ಡು ಬಂತು, ಸಾಲ ತೀರಿತು, ತಂಗಿಯ ಮದುವೆ ಆಯಿತು, ಮನೆಗೆ ತಾರಸಿ ಆಯಿತು. ಉಳೋಕೆ ಹೊಲ ಇಲ್ಲದ ಮೇಲೆ ಟ್ರ್ಯಾಕ್ಟರು ಎಷ್ಟು ದಿನ ಅಂತ ಬಾಡಿಗೆಗೆ ಓಡುತ್ತೆ? ಅಪ್ಪನ ಸೊಂಟವೂ ಮೊದಲಿನ ಹಾಗೆ ಇರಲಿಲ್ಲ. ಒಂದು ದಿನ ತಮಿಳುನಾಡಿನ ಕಡೆಯವರು ಬಂದು, ಟ್ರೈಲರ್ ಸಮೇತ ಕೊಂಡು, ಓಡಿಸಿಕೊಂಡು ಹೋದರು. ನಾನು ಬೆಂಗಳೂರಿನಲ್ಲಿ ಯಾವುದೋ ಮೀಟಿಂಗಿನಲ್ಲಿದ್ದೆ. ಫೋನಿನಲ್ಲಿ ಅವ್ವ ಹೇಳಿದಳು. ಅಪ್ಪ ಹೇಳಲಿಲ್ಲ.

ಅಪ್ಪ ಅದಾದ ಮೇಲೆ ಏನನ್ನೂ ಹೆಚ್ಚು ಹೇಳ್ತಿರಲಿಲ್ಲ. ನಿಮ್ಮಲ್ಲಿ ಅರ್ಧ ಜನಕ್ಕೆ ಈ ಥರದ ಫೋನ್ ಕಾಲ್ ಗೊತ್ತಿರುತ್ತೆ. “ಊಟ ಆಯ್ತಾ?” “ಆಯ್ತು. ನಿಂದು?” “ಆಯ್ತು. ಮಳೆ?” “ಇಲ್ಲ.” “ತಕ್ಕ, ನಿಮ್ಮವ್ವಂಗ ಕೊಡ್ತೀನಿ.” ನಲವತ್ತು ಸೆಕೆಂಡು. ಮಳೆ ಬಂತಾ ಅಂತ ಕೇಳೋದೂ ರೂಢಿಯಿಂದ. ಬಂದರೂ ಬರದಿದ್ದರೂ ನಮಗೀಗ ಬಿತ್ತೋದೇನಿಲ್ಲ.

ಹೀಗಿರುವಾಗ ಫ್ರಾನ್ಸಿನ ಹೆಲ್ಲರ್ ಕಂಪನಿಯ 1/24 ಅಳತೆಯ ಟಿಇ20 ಕಿಟ್ ಒಂದು ನನ್ನ ಕೈಗೆ ಸಿಕ್ಕಿತು. ಜೋಡಿಸಿದರೆ ಅಂಗೈ ಮೇಲೆ ಕೂರೋವಷ್ಟು, ಹೆಚ್ಚುಕಮ್ಮಿ 12 ಸೆಂಟಿಮೀಟರ್. ಬಾನೆಟ್ಟಿನ ಆಕಾರ ತಿದ್ದಿ, ದೀಪದ ಜಾಗ ಬದಲಿಸಿ, ಪ್ಲಾಸ್ಟಿಕ್ ಶೀಟು ಕತ್ತರಿಸಿ ಮಡ್‌ಗಾರ್ಡ್ ಅಗಲ ಮಾಡಿದರೆ ಅಜ್ಜ ಮೊಮ್ಮಗ ಆಗ್ತಾನೆ. ಅದನ್ನ ಮಾಡಿದೆ. ಕೆಂಪು ಹೊಡೆಯೋದು ಇತರ ಬಣ್ಣದ ಹಾಗಲ್ಲ. ಕೆಂಪು ಬಣ್ಣಕ್ಕೆ ಮುಚ್ಚೋ ಶಕ್ತಿ ಕಮ್ಮಿ, ಅಡಿಯಲ್ಲಿರೋದು ಇಣುಕುತ್ತೆ. ಬೂದು ಪ್ರೈಮರ್ ಮೇಲೆ ಹೊಡೆದರೆ ಇಟ್ಟಿಗೆ ಬಣ್ಣ, ಗುಲಾಬಿ ಮೇಲೆ ಹೊಡೆದರೆ ಹೊಸ ಗಾಡಿ. ನಾನು ಬೇಕಂತಲೇ ಅಡಿಗೆ ಎರಡನ್ನೂ ಹೊಡೆದೆ. ಬಿಸಿಲು ನೇರ ಬೀಳೋ ಬಾನೆಟ್ಟಿನ ಮೇಲ್ಭಾಗಕ್ಕೆ ಗುಲಾಬಿ, ಪಕ್ಕಗಳಿಗೆ ಬೂದು. ಮೇಲೆ ಒಂದೇ ಕೆಂಪು ಹೊಡೆದರೂ ಮೇಲ್ಭಾಗ ಬಿಸಿಲಿಗೆ ಬೆಳ್ಳಗಾದ ಹಾಗೆ ಕಂಡಿತು.

ಆಮೇಲೆ ಕೈ ನಿಂತಿತು. ಮುಂದಿನ ಕೆಲಸಕ್ಕೆ ಫೋಟೋ ಬೇಕು. ಟ್ಯಾಂಕಿಗಾದರೆ ಪುಸ್ತಕಗಳೇ ಇವೆ, ಯಾವ ಟ್ಯಾಂಕಿನ ಯಾವ ಬೋಲ್ಟಿನಿಂದ ಎಣ್ಣೆ ಸೋರುತ್ತಿತ್ತು ಅನ್ನೋವರೆಗೆ. ನಮ್ಮ ಮನೆ ಟ್ರ್ಯಾಕ್ಟರಿಗೆ? ಇಡೀ ಮನೆ ಹುಡುಕಿದರೆ ತಂಗಿಯ ಮದುವೆ ಆಲ್ಬಮ್ಮಿನಲ್ಲಿ ಚಪ್ಪರದ ಕಂಬದ ಹಿಂದೆ ಅರ್ಧ ಚಕ್ರ. ನಾನು ನೋಡಿದ್ದು ಹುಡುಗನ ಎತ್ತರದಿಂದ, ಓದೋಕೆ ಮೈಸೂರು ಸೇರುವವರೆಗೆ. ಅದನ್ನ ಪೂರ್ತಿ ಬಲ್ಲವರು ಒಬ್ಬರೇ.

ಫೋನ್ ಮಾಡಿದೆ. ಊಟ ಆಯ್ತಾ, ಆಯ್ತು. “ಅಪ್ಪ, ನಮ್ಮ ಟ್ರ್ಯಾಕ್ಟರಿಗೆ ಬಣ್ಣ ಎಲ್ಲೆಲ್ಲಿ ಹೋಗಿತ್ತು?”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಅದ್ಯಾಕ್ಲ ಈಗ?”

“ಬೇಕಿತ್ತು, ಹೇಳಿ.”

“ಎಡಗಡ ಮಡ್ಗಾಡ್ದು ನೀನು ಕೂತು ಕೂತು ಸವ್ಸಿದ್ದು. ಬಲಗಡ್ದು ನಾನು.”

ಎಡಗಡೆಯದು ಗೊತ್ತಿತ್ತು. ಸ್ಕೂಲಿಗೆ, ಸಂತೆಗೆ, ಮಾರಿಹಬ್ಬಕ್ಕೆ ನಾನು ಕೂತು ಹೋಗ್ತಿದ್ದ ಜಾಗ. ಬಲಗಡೆ ಅಪ್ಪ ಯಾಕೆ? ಕೂತಿರ್ತಿದ್ದದ್ದು ಸೀಟಿನ ಮೇಲಲ್ಲವಾ? ಕೇಳಿದೆ. ಅಪ್ಪನಿಗೆ ನನ್ನ ಪ್ರಶ್ನೆ ವಿಚಿತ್ರ ಅನ್ನಿಸಿರಬೇಕು. “ಉಳವಾಗ ಮುಂದ್ಕ ನೋಡ್ಕಂಡು ಕೂತ್ರ ಆಯ್ತದಾ? ನೇಗ್ಲು ಇರದು ಇಂದ್ಗಡ ಅಲ್ವಾ? ಎಡಗೈಲಿ ಸ್ಟೇರಿಂಗು, ಬಲಗೈ ಮಡ್ಗಾಡ್ ಮ್ಯಾಲ ಊರ್ಕಂಡು ತಿರುಕ್ಕಂಡು ಕೂರದು. ಸಾಲು ನೆಟ್ಗ ಬರ್ಬೇಕಲ್ಲ.”

ಆ ದಿನದ ಕಾಲ್ ಇಪ್ಪತ್ತೈದು ನಿಮಿಷ. ನಾನು ಕೇಳ್ತಾ ಹೋದೆ, ಅಪ್ಪ ಹೇಳ್ತಾ ಹೋದರು, ನಾನು ಆಫೀಸಿನ ನೋಟ್‌ಪ್ಯಾಡಿನಲ್ಲಿ ಬರ್ಕೊಂಡೆ. ಕ್ಲಚ್ ಪೆಡಲ್ಲಿನ ಗೆರೆಗಳು ಪೂರ್ತಿ ಸವೆದು ಬೆಳ್ಳಿ ಥರ ಹೊಳೀತಿತ್ತು, ಬ್ರೇಕಿನದು ಅಷ್ಟಿಲ್ಲ, “ಹೊಲದಲ್ಲಿ ಬ್ರೇಕ್ಗ ಏನ್ ಕೆಲ್ಸ?” ಡೀಸೆಲ್ ಹಾಕೋ ಬಾಯಿಯ ಸುತ್ತ ಬಣ್ಣ ಕಪ್ಪಾಗಿ ಮೆತ್ತಗಾಗಿತ್ತು, ಕ್ಯಾನಿನಿಂದ ಸುರಿಯೋವಾಗ ಯಾವಾಗಲೂ ಒಂಚೂರು ಎಡಕ್ಕೆ ಚೆಲ್ಲುತ್ತಿತ್ತು. ಸೈಲೆನ್ಸರಿಗೆ ಬಣ್ಣ ನಿಲ್ಲುತ್ತಲೇ ಇರಲಿಲ್ಲ, ಕಾವಿಗೆ ಸುಟ್ಟು ಬಿಸ್ಕತ್ತಿನ ಬಣ್ಣ. ಹೈಡ್ರಾಲಿಕ್ ಲಿವರಿನ ಗುಂಡು ಒಡೆದು ಅದಕ್ಕೆ ಸೈಕಲ್ ಟ್ಯೂಬು ಸುತ್ತಿದ್ದರು. ಮುಂದಿನ ಗ್ರಿಲ್ಲಿನಲ್ಲಿ ಒಂದು ನೆಗ್ಗು. “ಅದ್ಯಾವ ವರ್ಷ?” “ಕಬ್ಬಳ್ಳಿ ಸಂತ ದಾರೀಲಿ ಎಮ್ಮ ಅಡ್ಡ ಬಂತಲ್ಲ, ಅವತ್ತು.” ಎಮ್ಮೆಗೆ ಏನಾಯಿತು ಅಂದರೆ, ಏನೂ ಆಗಲಿಲ್ಲ, ಅದು ತಿರುಗಿ ನೋಡಿಕೊಂಡು ಹೋಯಿತಂತೆ.

ಮಣ್ಣಿನ ವಿಷಯ ಬಂದಾಗ ಇನ್ನೊಂದು ಕಾಲ್ ಆಯಿತು. ನಮ್ಮದು ಎರಡು ಕಡೆ ಹೊಲ, ದಿಬ್ಬದ ಮೇಲಿನದು ಕೆಮ್ಮಣ್ಣು, ತಗ್ಗಿನದು ಎರೆ. ಎರೆ ಮಣ್ಣು ಮಳೆಗಾಲದಲ್ಲಿ ಟೈರಿನ ಹಲ್ಲುಗಳ ಮಧ್ಯೆ ಮುದ್ದೆ ಥರ ಕಚ್ಚಿಕೊಂಡು, ಒಣಗಿದ ಮೇಲೆ ಹೆಂಟೆಹೆಂಟೆಯಾಗಿ ರಸ್ತೆಯಲ್ಲಿ ಉದುರುತ್ತೆ. ಕೆಮ್ಮಣ್ಣು ಹಾಗಲ್ಲ, ಪೌಡರು, ನುಗ್ಗದ ಜಾಗ ಇಲ್ಲ. “ಎರೆ ಕಾಲ್ಗ, ಕೆಮ್ಮಣ್ಣು ಮೈಗ” ಅಂದರು ಅಪ್ಪ. ಒಂದು ವಾರ ನಾನು ಇಂಟರ್‌ನೆಟ್ಟಿನಲ್ಲಿ ಹುಡುಕಿದರೂ ಇಷ್ಟು ಚೊಕ್ಕವಾದ ವಾಕ್ಯ ಸಿಕ್ತಿರಲಿಲ್ಲ.

ಸರಿ, ಮಣ್ಣು ಊರಿನದೇ ಆಗಲಿ ಅನ್ನಿಸಿತು. ನಮ್ಮ ಹೊಲ ಈಗ ಕಾಂಪೌಂಡಿನ ಒಳಗೆ. ಹಾಗಾಗಿ ರಸ್ತೆ ಪಕ್ಕದ ಕೆಮ್ಮಣ್ಣನ್ನೇ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ತಂದೆ. ಹಾಗೆ ಹಾಕೋ ಹಾಗಿಲ್ಲ, ಲೆಕ್ಕ ನೋಡಿ: 1/24ರಲ್ಲಿ ಒಂದು ಮಿಲಿಮೀಟರಿನ ಮರಳಿನ ಕಾಳು ಅಂದರೆ ನಿಜದಲ್ಲಿ 24 ಮಿಲಿಮೀಟರಿನ ಜಲ್ಲಿ. ಟ್ರ್ಯಾಕ್ಟರಿಗೆ ಧೂಳು ಕೂತ ಹಾಗಿರಲ್ಲ, ಕಲ್ಲು ಹೊಡೆದ ಹಾಗಿರುತ್ತೆ. ಒಲೆಯ ಮೇಲೆ ಹುರಿದು, ಕುಟ್ಟಾಣಿಯಲ್ಲಿ ಕುಟ್ಟಿ, ಹಳೇ ಪಂಚೆಯ ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿದೆ. ಕೊನೆಗೆ ಸಿಕ್ಕಿದ್ದು ಎರಡು ಚಮಚ, ಮುಖಕ್ಕೆ ಹಚ್ಚೋ ಪೌಡರಿನಷ್ಟು ನುಣ್ಣಗೆ.

ಇನ್ನೇನು ಕೆಸರು ಹಚ್ಚಬೇಕು, ಅಷ್ಟರಲ್ಲಿ ಅವ್ವ ಅಡ್ಡ ಬಂದಳು. ವೀಡಿಯೋ ಕಾಲಿನಲ್ಲಿ ಕೆಂಪಗೆ ನಿಂತಿದ್ದ ಟ್ರ್ಯಾಕ್ಟರು ನೋಡಿ ಕಣ್ಣರಳಿಸಿದವಳು, ಮುಂದಿನ ಕೆಲಸ ಕೇಳಿ ಸಿಟ್ಟಾದಳು. “ನಮ್ಮ ಗಾಡೀನ ನಾನು ಯಾವತ್ತೂ ಗಲೀಜು ಮಡಗ್ನಿಲ್ಲ ಕನ. ಆಯುಧ ಪೂಜ ದಿನ ಎಂಗಿರ್ತಿತ್ತು, ಅಂಗ ಮಾಡು.” ಪಕ್ಕದಿಂದ ಅಪ್ಪನ ದನಿ: “ಅದು ಗೇಯ ಗಾಡಿ, ಮೆರವಣ್ಗ ಗಾಡಿ ಅಲ್ಲ. ಮಣ್ಣು ಇಲ್ದೆ ಎಂಗ್ ಇದ್ದದು?” ಗಂಡ ಹೆಂಡತಿ ಟ್ರ್ಯಾಕ್ಟರಿನ ವಿಷಯಕ್ಕೆ ಜಗಳ ಆಡಿ ಎಷ್ಟು ವರ್ಷ ಆಗಿತ್ತೋ. ನಾನು ಫೋನು ಹಿಡ್ಕೊಂಡು ಸುಮ್ಮನೆ ಕೇಳಿಸಿಕೊಂಡೆ.

ಎರಡು ದಿನ ಮಾಡೆಲ್ ಮುಟ್ಟಲಿಲ್ಲ. ಇಬ್ಬರು ಹೇಳಿದ್ದೂ ನಿಜ. ಅಪ್ಪ ವರ್ಷದ 364 ದಿನದ ಟ್ರ್ಯಾಕ್ಟರು ಹೇಳ್ತಿದ್ದಾರೆ. ಅವ್ವ ಉಳಿದ ಒಂದು ದಿನದ್ದು. ಆ ಒಂದು ದಿನ ಬೆಳಗ್ಗೆ ಐದಕ್ಕೆ ಪಂಪ್‌ಸೆಟ್ಟಿನ ನೀರಲ್ಲಿ ತೊಳೆದು, ತೆಂಗಿನ ನಾರಲ್ಲಿ ಟೈರು ತಿಕ್ಕಿ, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಬಾನೆಟ್ಟಿಗೆ ಮೂರು ಪಟ್ಟೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚಕ್ರದಡಿ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆಯೋವರೆಗೆ ಅವ್ವ ಕೂರ್ತಿರಲಿಲ್ಲ. ಬಳೆ ಕೊಟ್ಟವಳು ಅವಳು.

ಆಗ ಆ ಎರಡು ಪದ ನೆರವಿಗೆ ಬಂದವು. ಆಯುಧ ಪೂಜೆಯ ಬೆಳಗ್ಗೆ ಹೋಗೋದು ಕೊಳೆ, ಸವೆತ ಅಲ್ಲವಲ್ಲ. ತೊಳೆದ ಟ್ರ್ಯಾಕ್ಟರಿನ ಮೇಲೆ ಅಪ್ಪನ ಅಂಗೈ ಸವೆಸಿದ ಜಾಗ ಇನ್ನೂ ಚೆನ್ನಾಗಿ ಕಾಣುತ್ತೆ, ಮುಚ್ಚೋಕೆ ಧೂಳು ಇರಲ್ಲ. ಹಾಗಾಗಿ ಅವ್ವನ ದಿನವನ್ನೇ ಆರಿಸಿದೆ. ಬಲಗಡೆ ಮಡ್‌ಗಾರ್ಡಿನ ಅಂಚಿಗೆ ಸ್ಪಂಜಿನಿಂದ ಮೊದಲು ಪ್ರೈಮರಿನ ಬೂದು, ಅದರ ಒಳಗೆ ತಗಡಿನ ಬಣ್ಣ, ಮೇಲೆ ಪೆನ್ಸಿಲ್ಲಿನ ಸೀಸದ ಪುಡಿ ಬೆರಳಲ್ಲಿ ಉಜ್ಜಿದೆ. ಸೀಸ ಉಜ್ಜಿದರೆ ಕೈಯಾಡಿದ ಕಬ್ಬಿಣದ ಹೊಳಪು ತಾನಾಗೇ ಬರುತ್ತೆ. ಎಡಗಡೆ ಮಡ್‌ಗಾರ್ಡಿನಲ್ಲಿ ಅಗಲವಾಗಿ, ಮಂಕಾಗಿ, ಖಾಕಿ ಚಡ್ಡಿಯ ಹುಡುಗ ಒಬ್ಬ ವರ್ಷಗಟ್ಟಲೆ ಜಾರಿದ ಹಾಗೆ. ಕ್ಲಚ್ಚಿಗೆ ಬೆಳ್ಳಿ, ಬ್ರೇಕಿಗೆ ಬರೀ ಬೂದು. ಗ್ರಿಲ್ಲಿಗೆ ಎಮ್ಮೆಯ ನೆಗ್ಗು. ಲಿವರಿಗೆ ಕಪ್ಪು ದಾರ ಸುತ್ತಿ ಸೈಕಲ್ ಟ್ಯೂಬು. ಬಾನೆಟ್ಟಿನ ಮೇಲೆ ಮೂರು ಪಟ್ಟೆ ವಿಭೂತಿ, ಬೊಟ್ಟು. ಕುಂಕುಮದ ಬೊಟ್ಟಿನಿಂದ ನೀರಿಳಿದು ಗೆರೆ ಬಂದ ಹಾಗೆ ತೆಳು ಆಯಿಲ್ ಪೇಂಟು.

ಎರಡು ಚಮಚ ಮಣ್ಣು? ಅದನ್ನ ತಲೆಕೆಳಗು ಮಾಡಿ ಹಾಕಿದೆ. ಎಂಜಿನ್ನಿನ ಅಡಿ, ಆಕ್ಸಲ್ಲಿನ ಹಿಂದೆ, ಮಡ್‌ಗಾರ್ಡಿನ ಒಳಮೈ, ಪಂಪ್‌ಸೆಟ್ಟಿನ ಪೈಪು ಎಷ್ಟು ಬಗ್ಗಿಸಿದರೂ ನೀರು ಮುಟ್ಟದ ಜಾಗಗಳಲ್ಲಿ. ತೆಳು ಅಂಟಿನ ದ್ರವ ಬಿಟ್ಟು, ಪುಡಿ ಉದುರಿಸಿ, ಮೇಲೆ ಮ್ಯಾಟ್ ವಾರ್ನಿಷ್ ಹೊಡೆದೆ. ನೆಟ್ಟಗೆ ನಿಲ್ಲಿಸಿದರೆ ಯಾರಿಗೂ ಕಾಣಲ್ಲ. ಪ್ರದರ್ಶನಕ್ಕೆ ಇಟ್ಟರೆ ಒಂದು ಮಾರ್ಕೂ ಬರಲ್ಲ.

ಕಳೆದ ದಸರಾ ರಜೆಗೆ ಶೂ ಡಬ್ಬಿಯಲ್ಲಿ ಹತ್ತಿ ತುಂಬಿ ಊರಿಗೆ ತಗೊಂಡು ಹೋದೆ. ಅವ್ವ ಬೊಟ್ಟು ನೋಡಿ “ಸರ್ಯಾಗದ” ಅಂದಳು, ದೇವರ ಗೂಡಿನ ಮುಂದೆ ಇಡಬೇಕು ಅಂತ ಜಾಗ ಮಾಡೋಕೆ ಹೋದಳು. ಅಪ್ಪ ಕನ್ನಡಕ ಹಾಕ್ಕೊಂಡರು. ಬಲಗಡೆ ಮಡ್‌ಗಾರ್ಡಿನ ಮೇಲೆ ಹೆಬ್ಬೆರಳು ಇಟ್ಟರು. ಅಷ್ಟು ಚಿಕ್ಕ ವಸ್ತುವಿನ ಮೇಲೆ ಆ ಹೆಬ್ಬೆರಳೇ ಇಡೀ ಮಡ್‌ಗಾರ್ಡು ಮುಚ್ಚಿತು. ಆಮೇಲೆ, ನಾನು ಹೇಳದೇನೇ, ತಿರುಗಿಸಿದರು. ಹಳೇ ಗಾಡಿ ನೋಡೋವ್ರು ಮೊದಲು ಅಡಿ ನೋಡ್ತಾರೆ. ಉಗುರಿನಿಂದ ಒಂಚೂರು ಕೆರೆದು, ಎರಡು ಬೆರಳ ನಡುವೆ ಉಜ್ಜಿದರು.

“ಇದು ರೋಡ್ ಪಕ್ಕದ್ದು ಕನ. ನಮ್ಮ ಹೊಲದ್ದಲ್ಲ.”

“ಹೌದು ಅಪ್ಪ, ಹೊಲಕ್ಕೆ ಹೋಗೋಕಾಗಲ್ವಲ್ಲ.”

“ಊಂ.” ಸ್ವಲ್ಪ ಹೊತ್ತು ನೋಡಿದರು. “ಆಯ್ತದ ಬುಡು. ಅದೂ ಕೆಮ್ಮಣ್ಣೇಯ.”

ನೆಟ್ಟಗೆ ಮಾಡಿ ಟೀಪಾಯಿ ಮೇಲೆ ಇಟ್ಟು, ಚಕ್ರ ತಿರುಗುತ್ತಾ ಅಂತ ಒಂದು ಸಲ ಹಿಂದೆ ಮುಂದೆ ಎಳೆದು ನೋಡಿ, ಕೊನೆಗೆ ಹಿಂದುಗಡೆಯ ಕೊಂಡಿಗೆ ಬೆರಳು ತೋರಿಸಿ ಕೇಳಿದರು: “ಟ್ರೇಲ್ರು ಎಲ್ಲಿ?”

ಟ್ರೈಲರಿಗೆ ಕಿಟ್ ಇಲ್ಲ. ಪ್ಲಾಸ್ಟಿಕ್ ಶೀಟು ಕತ್ತರಿಸಿ ಮೊದಲಿಂದ ನಾನೇ ಮಾಡಬೇಕು. ಹಲಗೆ ಎಷ್ಟು ಉದ್ದ, ಕೊಕ್ಕೆ ಯಾವ ಕಡೆ, ಹಿಂದುಗಡೆ ಬರೆಸಿದ್ದ ಹೆಸರು ಯಾವ ಬಣ್ಣ, ಅರಿಶಿನ ಯಾವ ಮೂಲೆಯಲ್ಲಿ ಉಳಿದಿತ್ತು, ಒಂದೂ ಸರಿಯಾಗಿ ನೆನಪಿಲ್ಲ. ವಾರಕ್ಕೆ ಎರಡು ಸಲ ಫೋನ್ ಮಾಡ್ತಾ ಇದ್ದೀನಿ. ಸದ್ಯಕ್ಕೆ ಚಕ್ರದವರೆಗೆ ಬಂದಿದ್ದೀವಿ.